ಕನಸಿನ ಗಾಡಿಗಳು: ಚಕ್ಕಡಿಯಿಂದ ಫಟಫಟಿಯವರೆಗೆ

ಹಳೆಯ ಮೋಟಾರು ವಾಹನಗಳ ಹುಚ್ಚು ಹಿಡಿದವರನ್ನು 'ನಿಮಗೆ ಯಾವ ಗಾಡಿ ಸಿಕ್ಕರೆ ಜನ್ಮ ಸಾರ್ಥಕವೆನಿಸೀತು?' ಎಂದು ಕೇಳಿ ನೋಡಿ. ದೊಡ್ಡ ನಗರಗಳ ಹವ್ಯಾಸಿಗಳಾದರೆ ರೋಲ್ಸ್ ರಾಯ್ಸ್ ಎಂದಾರು. 1927 ಮತ್ತು 1933ರ ನಡುವೆ ಬೆರಳೆಣಿಕೆಯಷ್ಟೇ ತಯಾರಾದ ಬುಗಾಟಿ ರೊಯಾಲ್ ಎಂದಾರು. 2022ರ ಮೇ ತಿಂಗಳಲ್ಲಿ 1955ರ ಒಂದು ಮರ್ಸಿಡಿಸ್ ಕಾರು 13.5 ಕೋಟಿ ಯೂರೋಗೆ ಮಾರಾಟವಾಗಿ ಜಗತ್ತಿನ ಅತ್ಯಂತ ದುಬಾರಿ ಕಾರು ಎನಿಸಿಕೊಂಡಿತು. ಅಂಥ ಕಾರು ತಯಾರಾದದ್ದೇ ಎರಡು. ಇದೇ ಪ್ರಶ್ನೆಯನ್ನು ಇಂಡಿಯ ಲಿಂಬೆಹಣ್ಣಿನ ಪೇಟೆಯಲ್ಲೋ, ಸಿಂದಗಿಯ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲೋ ಕೇಳಿದರೆ ಉತ್ತರದ ದಾರಿಯೇ ಬೇರೆ. ಅಲ್ಲಿ ಹಿರಿಯರ ಬಾಯಲ್ಲಿ ಬರುವ ಹೆಸರುಗಳು ಜಾವಾ, ಯೆಜ್ಡಿ, ಬುಲೆಟ್, ವಿಲ್ಲೀಸ್ ಜೀಪು, ಹೆಚ್ಚೆಂದರೆ ಅಂಬಾಸಿಡರ್.

ಇದನ್ನು ಬಡವರ ಬಯಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಮನುಷ್ಯ ಕನಸು ಕಾಣುವುದು ತಾನು ಕಂಡದ್ದರ ಬಗೆಗೆ. ಕಂಡೂ ಕೈಗೆ ಸಿಗದುದರ ಬಗೆಗೆ. ಹೀಗಾಗಿ ಒಂದು ಸೀಮೆಯ ಜನ ಯಾವ ಗಾಡಿಯನ್ನು ಬಯಸಿದರು ಎಂಬುದನ್ನು ಕೆದಕಿದರೆ ಆ ಸೀಮೆಯ ರಸ್ತೆ, ಮಣ್ಣು, ಆಡಳಿತ, ಮದುವೆ, ಮರ್ಯಾದೆ ಎಲ್ಲದರ ಚರಿತ್ರೆಯೂ ಹೊರಬರುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಆ ಚರಿತ್ರೆ ಸಾಕಷ್ಟು ಸ್ವಾರಸ್ಯದ್ದು. ಆದರೆ ಅದನ್ನು ಬರೆದಿಟ್ಟವರು ಕಡಿಮೆ.

ರೈಲು ದೂರ, ರಸ್ತೆ ಕೆಸರು

ಬಿಜಾಪುರ ಜಿಲ್ಲೆಗೆ ರೈಲು ಬಂದದ್ದು 1880ರ ದಶಕದಲ್ಲಿ. ಸದರ್ನ್ ಮರಾಠಾ ರೈಲ್ವೆ ಕಂಪನಿ ಸೊಲ್ಲಾಪುರದ ಬಳಿಯ ಹೊಟಗಿಯಿಂದ ಗದಗಿನವರೆಗೆ ಮೀಟರ್ ಗೇಜ್ ದಾರಿ ಹಾಕಿತು. ಭೀಮಾ ನದಿಯನ್ನು ದಾಟಿ ಬಂದ ಆ ದಾರಿ ಬಿಜಾಪುರ, ಆಲಮಟ್ಟಿ, ಬಾಗಲಕೋಟೆ, ಬಾದಾಮಿಗಳ ಮೂಲಕ ಸಾಗಿತು. ಅದರ ನಿಲ್ದಾಣಗಳ ಹೆಸರುಗಳಲ್ಲಿ ಎರಡನ್ನು ಗಮನಿಸಬೇಕು: 'ಇಂಡಿ ರೋಡ್' ಮತ್ತು 'ಬಸವನ ಬಾಗೇವಾಡಿ ರೋಡ್'. ರೈಲ್ವೆಯವರ ಪರಿಭಾಷೆಯಲ್ಲಿ ಊರಿನ ಹೆಸರಿನ ಮುಂದೆ 'ರೋಡ್' ಎಂದಿದ್ದರೆ ಊರು ಇಲ್ಲಿಲ್ಲ, ಇಲ್ಲಿಳಿದು ರಸ್ತೆ ಹಿಡಿಯಬೇಕು ಎಂದರ್ಥ. ಅಂದರೆ ಈ ಎರಡು ತಾಲ್ಲೂಕು ಕೇಂದ್ರಗಳಿಗೆ ರೈಲು ಸಮೀಪ ಬಂದರೂ ಊರೊಳಗೆ ಬರಲಿಲ್ಲ. ಸಿಂದಗಿ ಮತ್ತು ಮುದ್ದೇಬಿಹಾಳಗಳಿಗಂತೂ ಅಷ್ಟೂ ಇಲ್ಲ. ಆ ಎರಡು ಪಟ್ಟಣಗಳು ಇಂದಿಗೂ ರೈಲಿಲ್ಲದವು.

ಇನ್ನು ರಸ್ತೆಯ ಕಥೆ. ಇದು ಎರೆಭೂಮಿ. ಬೇಸಿಗೆಯಲ್ಲಿ ಕಲ್ಲಿನಷ್ಟು ಗಟ್ಟಿಯಾಗಿ ಬಿರುಕು ಬಿಡುವ ಈ ಮಣ್ಣು ಮೊದಲ ದೊಡ್ಡ ಮಳೆಗೆ ಅಂಟಿನಂತಾಗಿ ಗಾಲಿಯನ್ನು ಹಿಡಿದುಕೊಳ್ಳುತ್ತದೆ. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ತಾಳಿಕೋಟೆಯ ಕಡೆಗೆ ಹರಿಯುವ ಡೋಣಿ. ಹೊಳೆ ಬಂದರೆ ದಾರಿ ಕಟ್ಟು. ಇಂಥ ನೆಲದಲ್ಲಿ ನೂರಾರು ವರ್ಷ ನಂಬಿಕೆಗೆ ಪಾತ್ರವಾದ ವಾಹನವೆಂದರೆ ಚಕ್ಕಡಿ ಒಂದೇ. ದೊಡ್ಡ ಗಾಲಿ, ಅದರ ಮೇಲೆ ಕಬ್ಬಿಣದ ಹಳಿ, ಜಾಲಿ ಕಟ್ಟಿಗೆಯ ಗಟ್ಟಿತನ, ಮುಂದೆ ಒಂದು ಜೋಡಿ ಎತ್ತು. ರಿಪೇರಿ ಬಂದರೆ ಊರಿನ ಬಡಿಗ ಮತ್ತು ಕಮ್ಮಾರರೇ ಸಾಕು.

ಆ ಕಾಲದ 'ಕನಸಿನ ಗಾಡಿ' ಯಾವುದು ಎಂದು ಕೇಳಿದರೆ ಉತ್ತರ ಸ್ಪಷ್ಟ: ಹಗುರವಾದ ಸವಾರಿ ಚಕ್ಕಡಿ, ಅದಕ್ಕೆ ಹೂಡಲು ಒಂದು ಜೋಡಿ ಕಿಲಾರಿ ಎತ್ತು. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ನಡೆಯುವ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಯಲ್ಲಿ ಇಂದಿಗೂ ಒಳ್ಳೆಯ ಕಿಲಾರಿ ಜೋಡಿಯ ಸುತ್ತ ಜನ ನೆರೆಯುವುದನ್ನು ನೋಡಿದವರಿಗೆ ಈ ಮಾತು ಅತಿಶಯವೆನಿಸದು. ಕೋಡು, ಬಾಲ, ಸುಳಿ, ನಡಿಗೆ ಎಂದು ಅವರು ಎತ್ತನ್ನು ಪರೀಕ್ಷಿಸುವ ರೀತಿಗೂ ಹವ್ಯಾಸಿಯೊಬ್ಬ ಹಳೆಯ ಕಾರಿನ ಎಂಜಿನ್ನು, ಚಾಸಿ, ನಂಬರು ಪರೀಕ್ಷಿಸುವ ರೀತಿಗೂ ಹೆಚ್ಚಿನ ಅಂತರವಿಲ್ಲ. ಮುಂದೆ ಮೋಟಾರು ಬಂದಾಗ ಈ ಜನ ಅದನ್ನು ನೋಡಿದ್ದೂ ಅದೇ ಕಣ್ಣಿನಿಂದ. ಎಷ್ಟು ಭಾರ ಎಳೆಯುತ್ತದೆ, ಕೆಸರಿನಲ್ಲಿ ನಿಲ್ಲುತ್ತದೆಯೇ, ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ ಎಂಬುವು ಅವರ ಮೊದಲ ಪ್ರಶ್ನೆಗಳಾಗಿದ್ದವು.

ಸರ್ವಿಸ್ ಮೋಟಾರಿನ ದಿನಗಳು

ಅಮೆರಿಕದ ಹೆನ್ರಿ ಫೋರ್ಡ್ 1908ರಲ್ಲಿ ಹೊರತಂದ 'ಮಾಡೆಲ್ ಟಿ' ಕಾರು 1927ರವರೆಗೆ ಒಂದೂವರೆ ಕೋಟಿ ತಯಾರಾಯಿತು. ನೆಲದಿಂದ ಎತ್ತರಕ್ಕಿದ್ದ ಅದರ ಮೈ ಹಳ್ಳಿಯ ಒರಟು ದಾರಿಗೆ ಹೇಳಿ ಮಾಡಿಸಿದಂತಿತ್ತು. 1928ರಲ್ಲಿ ಜನರಲ್ ಮೋಟಾರ್ಸ್ ಕಂಪನಿ ಮುಂಬಯಿಯ ಶಿವಡಿಯಲ್ಲಿ ಜೋಡಣಾ ಕಾರ್ಖಾನೆ ತೆರೆದ ಮೇಲೆ ಷೆವರ್ಲೆ ಲಾರಿ ಮತ್ತು ಬಸ್ಸುಗಳ ಚಾಸಿಗಳು ಮುಂಬಯಿ ಪ್ರಾಂತದಲ್ಲಿ ಸುಲಭವಾಗಿ ಸಿಗತೊಡಗಿದವು. ಬಿಜಾಪುರ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೇ ಸೇರಿತ್ತು ಎಂಬುದನ್ನು ನೆನಪಿಡಬೇಕು. ಆ ಕಾಲದ ಬಸ್ಸು ಎಂದರೆ ಪರದೇಶದ ಚಾಸಿಯ ಮೇಲೆ ದೇಶದ ಬಡಿಗರು ಕಟ್ಟಿದ ಕಟ್ಟಿಗೆಯ ಮೈ. ಕಿಟಕಿಗೆ ಗಾಜಿನ ಬದಲು ಕ್ಯಾನ್‌ವಾಸ್ ಪರದೆ. ತಲೆಯ ಮೇಲೆ ಜೋಳದ ಚೀಲ, ಕೋಳಿ ಬುಟ್ಟಿ. ಜನ ಇದನ್ನು 'ಸರ್ವಿಸ್ ಮೋಟಾರು' ಎಂದು ಕರೆದರು.

ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಈ ಮೋಟಾರುಗಳು ಒಂದು ವಿಚಿತ್ರ ವೇಷ ತೊಟ್ಟವು. ಬಸ್ಸಿನ ಹಿಂಬದಿಗೆ ಆಳೆತ್ತರದ ಕಬ್ಬಿಣದ ಒಲೆಯೊಂದು ಬಂದು ಕುಳಿತಿತು. ಇದ್ದಿಲನ್ನು ಧಾರಾಳವಾಗಿ ಗಾಳಿ ಕೊಟ್ಟು ಉರಿಸಿದರೆ ಬರುವುದು ಬರೀ ಶಾಖ. ಗಾಳಿಯನ್ನು ಬಿಗಿಹಿಡಿದು ಅರೆಬರೆಯಾಗಿ ಸುಟ್ಟರೆ ಕಾರ್ಬನ್ ಮಾನಾಕ್ಸೈಡ್ ಎಂಬ ಉರಿಯಬಲ್ಲ ಅನಿಲ ಹುಟ್ಟುತ್ತದೆ. ಅದನ್ನು ಕೊಳವೆಯಲ್ಲಿ ಹಾಯಿಸಿ, ತಣಿಸಿ, ಬೂದಿ ಸೋಸಿ ಎಂಜಿನ್ನಿಗೆ ಕೊಟ್ಟರೆ ಪೆಟ್ರೋಲಿಲ್ಲದೆಯೂ ಬಸ್ಸು ಓಡುತ್ತದೆ. ಆದರೆ ಶಕ್ತಿ ಸಾಕಷ್ಟು ಕಡಿಮೆ. ಹೊರಡುವ ಮುನ್ನ ಕ್ಲೀನರ್ ಬಹಳ ಹೊತ್ತು ಗಾಳಿಯ ಚಕ್ರ ತಿರುಗಿಸಿ ಒಲೆ ಹೊತ್ತಿಸಬೇಕು. ಏರು ಬಂದರೆ ಪ್ರಯಾಣಿಕರು ಇಳಿದು ದೂಡಬೇಕು. 'ಇದ್ದಿಲು ಬಸ್ಸು' ಎಂಬ ಮಾತು ಕನ್ನಡನಾಡಿನ ಹಿರಿಯರ ನೆನಪಿನಲ್ಲಿ ಉಳಿದದ್ದು ಹೀಗೆ. ಈ ಗ್ಯಾಸಿನ ಒಲೆಗಳು ಯುದ್ಧ ಮುಗಿದ ಮೇಲೆ ಹೆಚ್ಚಾಗಿ ಗುಜರಿ ಪಾಲಾದವು.

ಸ್ವಾತಂತ್ರ್ಯ ಬಂದ ಮೇಲೆ ಖಾಸಗಿ ಸರ್ವಿಸ್ಸುಗಳ ಜಾಗಕ್ಕೆ ಸರಕಾರವೇ ಬಂತು. 1948ರ ಜೂನ್ 1ರಂದು ಪುಣೆ-ಅಹಮದನಗರ ನಡುವೆ ಮುಂಬಯಿ ರಾಜ್ಯದ ಮೊದಲ ಸರಕಾರಿ ಬಸ್ಸು ಓಡಿತು. 1956ರ ನವೆಂಬರ್ 1ರಂದು ಬಿಜಾಪುರ ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದಾಗ ಬಸ್ಸುಗಳ ಒಡೆತನವೂ ಬದಲಾಯಿತು. 1961ರಲ್ಲಿ ರಸ್ತೆ ಸಾರಿಗೆ ನಿಗಮ ಸ್ಥಾಪನೆಯಾಯಿತು. ಇಂದು ವಿಜಯಪುರ ವಿಭಾಗವಿರುವುದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದಲ್ಲಿ. ಹೀಗೆ ನೋಡಿದರೆ ಬಸ್ಸಿನ ಮೈಮೇಲಿನ ಹೆಸರು ಬದಲಾದಾಗಲೆಲ್ಲ ಈ ಸೀಮೆಯ ರಾಜಕೀಯ ಭೂಪಟವೂ ಬದಲಾಗಿದೆ.

ಸಾಹೇಬರ ಜೀಪು

ಯುದ್ಧ ಇನ್ನೊಂದು ಗಾಡಿಯನ್ನೂ ಬಿಟ್ಟುಹೋಯಿತು. ಅಮೆರಿಕದ ಸೈನ್ಯಕ್ಕಾಗಿ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು 1941ರಿಂದ 1945ರವರೆಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಭಾರತದಲ್ಲಿ ಉಳಿದ ಜೀಪುಗಳು 'ಡಿಸ್ಪೋಸಲ್' ಹರಾಜಿನಲ್ಲಿ ಬಿಕರಿಯಾದವು. 1945ರಲ್ಲಿ 'ಮಹೀಂದ್ರ ಅಂಡ್ ಮಹಮ್ಮದ್' ಎಂಬ ಹೆಸರಿನಲ್ಲಿ ಆರಂಭವಾದ ಕಂಪನಿ ದೇಶವಿಭಜನೆಯ ನಂತರ ಮಹೀಂದ್ರ ಅಂಡ್ ಮಹೀಂದ್ರ ಆಗಿ, ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. ಪಾಲುದಾರರಾಗಿದ್ದ ಗುಲಾಂ ಮಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು.

ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಶಕ್ತಿ ಎರಡು ಗಾಲಿಗಳಿಗೆ ಮಾತ್ರ ಹೋಗುತ್ತದೆ. ಜೀಪಿನಲ್ಲಿ ಒಂದು ಲಿವರ್ ಎಳೆದರೆ ನಾಲ್ಕಕ್ಕೂ ಹೋಗುತ್ತದೆ. ಹಿಂದಿನ ಗಾಲಿ ಎರೆಮಣ್ಣಿನಲ್ಲಿ ಹೂತು ಸುಮ್ಮನೆ ತಿರುಗುತ್ತಿದ್ದರೂ ಮುಂದಿನದು ಎಳೆದೊಯ್ಯುತ್ತದೆ. ಚಕ್ಕಡಿಯನ್ನು ಬಿಟ್ಟರೆ ಮಳೆಗಾಲದ ಈ ನೆಲವನ್ನು ಗೆದ್ದ ಮೊದಲ ವಾಹನ ಇದೇ ಇರಬೇಕು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ದೇಶದ ತುಂಬ ಬ್ಲಾಕ್ ಅಭಿವೃದ್ಧಿ ಅಧಿಕಾರಿಗಳ ಜೀಪುಗಳು ಹಳ್ಳಿಯ ದಾರಿಗಿಳಿದವು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಅವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟ ಮೇಲೆ ಕೃಷ್ಣೆಯ ದಡದ ಹಳ್ಳಿಗಳಿಗೆ ನೀರಾವರಿ ಇಲಾಖೆಯ ಜೀಪುಗಳೂ ಬಂದವು.

ಹೀಗಾಗಿ ಜೀಪಿನ ಬಗೆಗಿನ ಮೋಹಕ್ಕೆ ಎರಡು ಮುಖಗಳಿವೆ. ಒಂದು, ಎಲ್ಲಿ ಬೇಕಾದರೂ ಹೋಗುವ ಗಾಡಿ ಎಂಬ ಮೆಚ್ಚುಗೆ. ಇನ್ನೊಂದು, ಅದರಲ್ಲಿ ಕುಳಿತವನು ಸಾಹೇಬ ಎಂಬ ಭಯಭಕ್ತಿ. ದೂಳೆಬ್ಬಿಸಿಕೊಂಡು ಊರ ಅಗಸಿಗೆ ಬಂದ ಜೀಪಿನಿಂದ ಇಳಿಯುವವರು ಸಾಲ ಮಂಜೂರು ಮಾಡಲು ಬಂದಿರಬಹುದು, ಸಾಲ ವಸೂಲಿಗೆ ಬಂದಿರಬಹುದು, ಮುಳುಗಡೆ ಜಮೀನು ಅಳೆಯಲೂ ಬಂದಿರಬಹುದು. ಮುಂದೆ ರಾಜಕಾರಣಿಗಳು, ಗುತ್ತಿಗೆದಾರರು, ದೊಡ್ಡ ಜಮೀನುದಾರರು ಜೀಪನ್ನೇ ಆರಿಸಿಕೊಂಡದ್ದಕ್ಕೆ ಕೆಸರಿನಷ್ಟೇ ಈ ಗತ್ತೂ ಕಾರಣ.

ಸೊಲ್ಲಾಪುರದವರ ಕಾರು

ಕಾರಿನ ವಿಷಯಕ್ಕೆ ಬಂದರೆ ಈ ಸೀಮೆಗೆ ಒಂದು ಹತ್ತಿರದ ನಂಟಿದೆ. ಇಂಡಿ ತಾಲ್ಲೂಕಿನವರಿಗೆ ಆಸ್ಪತ್ರೆ, ಜವಳಿ, ವ್ಯಾಪಾರ ಎಂದು ಸೊಲ್ಲಾಪುರ ಪಕ್ಕದ ಮನೆಯಿದ್ದಂತೆ. ಆ ಸೊಲ್ಲಾಪುರದಲ್ಲಿ 1882ರಲ್ಲಿ ಹುಟ್ಟಿದ ವಾಲಚಂದ್ ಹಿರಾಚಂದ್ ಅವರು ಭಾರತದಲ್ಲಿ ಹಡಗು, ವಿಮಾನ, ಕಾರು ಮೂರನ್ನೂ ಕಟ್ಟಬೇಕೆಂದು ಹೊರಟ ಸಾಹಸಿ. ಬೆಂಗಳೂರಿನಲ್ಲಿ 1940ರಲ್ಲಿ ಮೈಸೂರು ಸರಕಾರದ ಸಹಯೋಗದಿಂದ ವಿಮಾನ ಕಾರ್ಖಾನೆ ಆರಂಭಿಸಿದವರು ಅವರೇ. ಕಾರಿನ ಕಾರ್ಖಾನೆಯ ಕನಸು ಅದಕ್ಕೂ ಹಳೆಯದು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯೂರೋಪು, ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು ಯೋಜನೆ ಸಿದ್ಧಪಡಿಸಿದ್ದರು. ವಾಲಚಂದ್ ಅದರ ಬೆನ್ನಿಗೆ ನಿಂತಿದ್ದರು. ಬ್ರಿಟಿಷ್ ಸರಕಾರದ ನಿರುತ್ಸಾಹದಿಂದ ಅದು ಮೈಸೂರಿನಲ್ಲಿ ಕೈಗೂಡಲಿಲ್ಲ. ಕೊನೆಗೆ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿತು.

ಈ ಕಂಪನಿ ಇಟಲಿಯ ಫಿಯಾಟ್ ಜೊತೆ ಸೇರಿ 1954ರಲ್ಲಿ ಹೊರತಂದ 1100 ಕಾರಿಗೆ ಮರಾಠಿಗರು 'ಡುಕ್ಕರ್ ಫಿಯಾಟ್' ಎಂದು ಅಡ್ಡಹೆಸರಿಟ್ಟರು. ಡುಕ್ಕರ್ ಎಂದರೆ ಹಂದಿ. ಮುಂದಕ್ಕೆ ಚಾಚಿದ ದುಂಡು ಮೂತಿ ನೋಡಿ ಕೊಟ್ಟ ಹೆಸರು. 1964ರಲ್ಲಿ ಬಂದ ಮುಂದಿನ ಮಾದರಿಯೇ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು. ದುಡಿಯಲು ಮುಂಬಯಿಗೆ ಗುಳೆ ಹೋದ ಈ ನಾಲ್ಕು ತಾಲ್ಲೂಕುಗಳ ಜನ ದಿನವೂ ನೋಡಿದ್ದು ಈ ಪದ್ಮಿನಿಯನ್ನೇ, ಕಪ್ಪು-ಹಳದಿ ಟ್ಯಾಕ್ಸಿಯಾಗಿ. ಮುಂಬಯಿಯ ರಸ್ತೆಯಿಂದ ಕೊನೆಯ ಪದ್ಮಿನಿ ಟ್ಯಾಕ್ಸಿ ನಿವೃತ್ತವಾದದ್ದು 2023ರ ಅಕ್ಟೋಬರಿನಲ್ಲಿ. ಇನ್ನು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಿಂದ ಬಂದ ಅಂಬಾಸಿಡರ್ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಮದುವೆಯ ದಿಬ್ಬಣ, ಹೆರಿಗೆ ನೋವು, ಚುನಾವಣೆ ಪ್ರಚಾರ ಎಲ್ಲಕ್ಕೂ ಬಾಡಿಗೆಗೆ ಬರುತ್ತಿದ್ದದ್ದು ಅಂಬಾಸಿಡರೇ. ಅದರಲ್ಲಿ ಎಷ್ಟು ಜನ ಹಿಡಿಯುತ್ತಾರೆ ಎಂಬುದಕ್ಕೆ ಕಂಪನಿಯ ಲೆಕ್ಕ ಬೇರೆ, ಹಳ್ಳಿಯ ಲೆಕ್ಕ ಬೇರೆ.

ಮೈಸೂರಿನಿಂದ ಬಂದ ಫಟಫಟಿ

ಇಷ್ಟಾದರೂ ಕಾರು, ಜೀಪು ಸಾಮಾನ್ಯ ರೈತನ ಕೈಗೆಟುಕುವ ಮಾತಲ್ಲ. ಅವನ ಕನಸಿಗೆ ನಿಜವಾದ ಆಕಾರ ಕೊಟ್ಟದ್ದು ಮೋಟಾರು ಸೈಕಲ್ಲು. ನಮ್ಮ ಕಡೆಯ ಮಾತಿನಲ್ಲಿ ಫಟಫಟಿ. ಸದ್ದಿನಿಂದಲೇ ಹುಟ್ಟಿದ ಹೆಸರು. ಅದರಲ್ಲೂ ಹಿರಿಯರ ಮನಸ್ಸಿನಲ್ಲಿ ಅಚ್ಚೊತ್ತಿದ್ದು ಜಾವಾ.

ಜಾವಾ ಎಂದರೆ ಇಂಡೋನೇಷ್ಯಾದ ದ್ವೀಪವಲ್ಲ. 1929ರಲ್ಲಿ ಚೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ 'ವಾಂಡರರ್' ಕಂಪನಿಯಿಂದ ಮೋಟಾರು ಸೈಕಲ್ಲಿನ ಹಕ್ಕು ಕೊಂಡುಕೊಂಡ. ಇಬ್ಬರ ಹೆಸರಿನ ಮೊದಲ ಅಕ್ಷರಗಳು ಸೇರಿ ಆ ಹೆಸರಾಯಿತು. ಈ ಚೆಕ್ ಗಾಡಿಯನ್ನು ಭಾರತದಲ್ಲಿ ತಯಾರಿಸಲು ಪಾರ್ಸಿ ಉದ್ಯಮಿಗಳಾದ ರುಸ್ತುಮ್ ಮತ್ತು ಫರೂಕ್ ಇರಾನಿ ಅವರು ಮೈಸೂರಿನ ಯಾದವಗಿರಿಯಲ್ಲಿ 'ಐಡಿಯಲ್ ಜಾವಾ' ಕಾರ್ಖಾನೆ ಕಟ್ಟಿದರು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಚೆಕ್ ಒಪ್ಪಂದದ ಅವಧಿ ಮುಗಿದ ಮೇಲೆ 1970ರ ದಶಕದಲ್ಲಿ ಅದೇ ಗಾಡಿ 'ಯೆಜ್ಡಿ' ಎಂಬ ಹೆಸರಿನಲ್ಲಿ ಬಂತು. ಇರಾನಿನ ಯಜ್ದ್ ನಗರದಿಂದ ಬಂದ ಹೆಸರು ಅದು. 1978ರ 'ರೋಡ್‌ಕಿಂಗ್' ಈ ಸಾಲಿನಲ್ಲಿ ಅತ್ಯಂತ ಪ್ರಸಿದ್ಧ.

ಮೈಸೂರಿನಿಂದ ಬಹಳ ದೂರದ ಈ ಒಣ ಸೀಮೆಗೆ ಜಾವಾ ಹೊಂದಿಕೊಂಡದ್ದು ಹೇಗೆ? ಉತ್ತರ ಅದರ ಎಂಜಿನ್ನಿನಲ್ಲಿದೆ. ಅದು 250 ಸಿಸಿಯ ಟೂ-ಸ್ಟ್ರೋಕ್ ಎಂಜಿನ್ನು. ಬುಲೆಟ್ಟಿನಂಥ ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಉಸಿರೆಳೆಯಲು, ಬಿಡಲು ವಾಲ್ವುಗಳು ಬೇಕು. ಅವುಗಳನ್ನು ತೆರೆದು ಮುಚ್ಚುವ ಕ್ಯಾಮು, ರಾಡುಗಳು ಬೇಕು. ಟೂ-ಸ್ಟ್ರೋಕ್‌ನಲ್ಲಿ ಇವೊಂದೂ ಇಲ್ಲ. ಪಿಸ್ಟನ್ನು ಮೇಲೆ ಕೆಳಗೆ ಆಡುವಾಗ ತಾನೇ ರಂಧ್ರಗಳನ್ನು ತೆರೆದು ಮುಚ್ಚುತ್ತದೆ. ಎಂಜಿನ್ ಆಯಿಲನ್ನು ಪೆಟ್ರೋಲಿನಲ್ಲೇ ಬೆರೆಸಿ ಹಾಕಿದರಾಯಿತು. ಬಿಡಿಭಾಗ ಕಡಿಮೆ ಎಂದರೆ ಕೆಡುವುದೂ ಕಡಿಮೆ; ಕೆಟ್ಟರೆ ತಾಲ್ಲೂಕಿನ ಮಿಸ್ತ್ರಿ ಒಂದು ಸ್ಪ್ಯಾನರ್ ಗಂಟು ಹಿಡಿದು ಮರದ ನೆರಳಿನಲ್ಲೇ ಬಿಚ್ಚಿ ಜೋಡಿಸಬಲ್ಲ. ಎತ್ತರದ ಗಾಲಿ, ಗಟ್ಟಿ ಚೌಕಟ್ಟು ಇದ್ದುದರಿಂದ ಹಿಂದೆ ಇಬ್ಬರು, ಮುಂದೆ ಟ್ಯಾಂಕಿನ ಮೇಲೆ ಒಂದು ಕೂಸು, ಬದಿಗೆ ಬೀಜದ ಚೀಲ ಎಲ್ಲವನ್ನೂ ಹೊತ್ತು ಹೊಲದ ಬದುವಿನ ಮೇಲೂ ಹೋಗುತ್ತಿತ್ತು.

ಅದರಲ್ಲೊಂದು ಚಮತ್ಕಾರವೂ ಇತ್ತು. ಒಂದೇ ಲಿವರ್ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್, ಮುಂದಕ್ಕೆ ಮಡಿಸಿದರೆ ಗೇರ್. ಗೇರ್ ಬದಲಿಸುವಾಗ ಕ್ಲಚ್ ಹಿಡಿಯದಿದ್ದರೂ ನಡೆಯುತ್ತಿತ್ತು. ಲಿವರನ್ನು ಒತ್ತಿದರೆ ಕ್ಲಚ್ ತಾನಾಗಿ ಬಿಡುತ್ತಿತ್ತು. ಹೊಸಬರು ಇದನ್ನು ತಿಳಿಯದೆ ಪೇಚಾಡುವುದು, ಬಲ್ಲವರು ನಿಂತು ನಗುವುದು ಆಗಿನ ಸಾಮಾನ್ಯ ಮನರಂಜನೆ. ಇಬ್ಬದಿಗೂ ಒಂದೊಂದು ಉದ್ದನೆಯ ಸೈಲೆನ್ಸರ್, ಹಿಂದೆ ನೀಲಿ ಹೊಗೆ, ದೂರದಿಂದಲೇ ಗುರುತು ಹಿಡಿಯಬಹುದಾದ ಸದ್ದು. ಸದ್ದಿನ ಮೇಲಿಂದಲೇ ಯಾರ ಗಾಡಿ ಬಂತೆಂದು ಊರು ಹೇಳುತ್ತಿತ್ತು.

ಜಾವಾಕ್ಕೆ ಎರಡು ಬದಿಗೆ ಇಬ್ಬರು ಪ್ರತಿಸ್ಪರ್ಧಿಗಳಿದ್ದರು. ಭಾರತೀಯ ಸೈನ್ಯದ ಬೇಡಿಕೆಯಿಂದಾಗಿ 1955ರಲ್ಲಿ ಮದರಾಸಿನಲ್ಲಿ ತಯಾರಿಕೆ ಆರಂಭಿಸಿದ ಎನ್‌ಫೀಲ್ಡ್ ಕಂಪನಿಯ ಬುಲೆಟ್ ಒಂದು. ಭಾರ, ಬೆಲೆ, ಗಾಂಭೀರ್ಯ ಮೂರರಲ್ಲೂ ಹೆಚ್ಚು. ಫೌಜುದಾರರಿಗೂ ಗೌಡರಿಗೂ ತಕ್ಕ ಗಾಡಿ. ಇನ್ನೊಂದು ಪೋಲೆಂಡಿನ ಮಾದರಿಯ ಮೇಲೆ ಎಸ್ಕಾರ್ಟ್ಸ್ ಕಂಪನಿ ತಯಾರಿಸಿದ ರಾಜದೂತ್. ಹಾಲಿನ ಕ್ಯಾನು ಹೊರುವವರ ನೆಚ್ಚಿನದು. ಪೂರ್ವ ಯೂರೋಪಿನ ತಂತ್ರಜ್ಞಾನ ನಮ್ಮ ಹಳ್ಳಿಗಳಿಗೆ ಬಂದದ್ದು ಇವುಗಳ ಮೂಲಕ ಮಾತ್ರವಲ್ಲ. ಎಚ್‌ಎಂಟಿಯ ಜೀಟರ್ ಟ್ರ್ಯಾಕ್ಟರಿನ ಮೂಲವೂ ಚೆಕೊಸ್ಲೊವಾಕಿಯಾವೇ. ಶೀತಲ ಸಮರದ ಕಾಲದ ವಿದೇಶಾಂಗ ನೀತಿಯ ಒಂದು ಫಲ ಹೀಗೆ ಡೋಣಿಯ ಸಾಲಿನ ಎರೆಹೊಲಕ್ಕೂ ತಲುಪಿತ್ತು.

ಕಾಯುವಿಕೆ ಮತ್ತು ಅದರ ಬೆಲೆ

ಇಂದು ಷೋರೂಮಿಗೆ ಹೋಗಿ ಸಂಜೆಯೊಳಗೆ ಗಾಡಿ ತರುವವರಿಗೆ ಆಗಿನ ಕಾಯುವಿಕೆ ಅರ್ಥವಾಗುವುದು ಕಷ್ಟ. ಯಾರು ಎಷ್ಟು ವಾಹನ ತಯಾರಿಸಬೇಕು ಎಂಬುದನ್ನು ದಿಲ್ಲಿಯ ಲೈಸೆನ್ಸ್ ನಿರ್ಧರಿಸುತ್ತಿದ್ದ ಕಾಲ ಅದು. ಬಜಾಜ್ ಸ್ಕೂಟರಿಗೆ ಹೆಸರು ಬರೆಸಿ ಹತ್ತು ವರ್ಷ ಕಾದವರಿದ್ದರು. ಹಣವಿದ್ದರೂ ಸಿಗದು ಎಂಬ ಸ್ಥಿತಿಯೇ ಆ ಗಾಡಿಗಳಿಗೆ ಅಷ್ಟೊಂದು ಹೊಳಪು ಕೊಟ್ಟದ್ದು. ಜಾತ್ರೆಯ ಫೋಟೊ ಸ್ಟುಡಿಯೊಗಳಲ್ಲಿ ರಟ್ಟಿನ ಕಾರಿನ ಹಿಂದೆ ಕುಳಿತು ತೆಗೆಸಿಕೊಂಡ ಚಿತ್ರಗಳು ಎಷ್ಟೋ ಮನೆಗಳ ಗೋಡೆಯಲ್ಲಿದ್ದವು. ಕೊಳ್ಳಲಾಗದ್ದನ್ನು ಕೆಲವು ರೂಪಾಯಿಗೆ ಕ್ಷಣಕಾಲ ತಮ್ಮದಾಗಿಸಿಕೊಂಡ ಜನ ಅವರು.

ಈ ಕನಸಿಗೆ ಕಹಿ ಮುಖವೊಂದೂ ಇದೆ. ಗಾಡಿಯ ಚರಿತ್ರೆ ಬರೆಯುವವರು ಅದನ್ನು ಮರೆಮಾಚಬಾರದು. ಗಂಡಿಗೆ ಮೊದಲು ಸೈಕಲ್ಲು, ವಾಚು; ಆಮೇಲೆ ಫಟಫಟಿ; ಈಗ ಕಾರು. ಮೈಸೂರಿನಲ್ಲಿ ಜಾವಾ ಕಾರ್ಖಾನೆ ಬಾಗಿಲು ತೆರೆದ 1961ರಲ್ಲೇ ಸಂಸತ್ತು ವರದಕ್ಷಿಣೆ ನಿಷೇಧ ಕಾಯಿದೆ ಮಾಡಿತು. ಆದರೆ ಕಾನೂನಿಗೆ ಸಿಗದಂತೆ 'ವರೋಪಚಾರ' ಎಂಬ ಹೆಸರಿನಲ್ಲಿ ಗಾಡಿಗಳು ಮದುವೆಯ ಹಂದರದ ಮುಂದೆ ಬಂದು ನಿಲ್ಲುತ್ತಲೇ ಹೋದವು. ಒಬ್ಬನ ಕನಸಿನ ಗಾಡಿಗೆ ಇನ್ನೊಬ್ಬನ ಎರಡೆಕರೆ ಹೊಲ ಒತ್ತೆ ಬಿದ್ದ ಉದಾಹರಣೆಗಳು ಯಾವ ಹಳ್ಳಿಯಲ್ಲಿಲ್ಲ? ಮತ್ತೆ, ಈ ಕನಸು ಬಹುಮಟ್ಟಿಗೆ ಗಂಡಸಿನದೇ ಆಗಿತ್ತು. ಹೆಣ್ಣುಮಕ್ಕಳು ಹಿಂದಿನ ಸೀಟಿನಲ್ಲಿ ಒಂದು ಬದಿಗೆ ಕಾಲು ಹಾಕಿ ಕುಳಿತು ಆ ಚರಿತ್ರೆಯಲ್ಲಿ ಪಾಲು ಪಡೆದರು.

1985ರಲ್ಲಿ ಹೀರೊ ಹೊಂಡಾ ಬಂತು. ಫೋರ್-ಸ್ಟ್ರೋಕ್ ಎಂಜಿನ್ನು, ಲೀಟರಿಗೆ ಎಂಬತ್ತು ಕಿಲೋಮೀಟರು ಎಂಬ ಜಾಹೀರಾತು. ಹೊಗೆಯ ನಿಯಮಗಳೂ ಬಿಗಿಯಾದವು. ಪೆಟ್ರೋಲು ಹೆಚ್ಚು ಕುಡಿದು ಹೊಗೆ ಉಗುಳುವ ಟೂ-ಸ್ಟ್ರೋಕ್ ಗಾಡಿಗಳ ಕಾಲ ಮುಗಿಯುತ್ತ ಬಂತು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ಕಂಪನಿಯ ಕೈಯಲ್ಲಿ ಮತ್ತೆ ಬಂದವಾದರೂ ಅವು ಹಳೆಯ ಹೆಸರಿನ ಹೊಸ ಯಂತ್ರಗಳು. ಎಂಜಿನ್ನೇ ಬೇರೆ, ಸದ್ದೇ ಬೇರೆ. ಹಳೆಯದಕ್ಕೆ ಬೇಡಿಕೆ ಏರಿದ್ದೂ ಇದರಿಂದಲೇ. ಹಳ್ಳಿಯ ಹಗೇವಿನ ಪಕ್ಕ, ದನದ ಕೊಟ್ಟಿಗೆಯಲ್ಲಿ ಕೋಳಿ ಕೂಡುವ ತಾಣವಾಗಿದ್ದ ಜಾವಾಗಳನ್ನು ಹುಡುಕಿಕೊಂಡು ನಗರದವರು ಬರತೊಡಗಿದರು.

ಯಾವುದು ಪಾರಂಪರಿಕ?

ಹಾಗಾದರೆ ಎಷ್ಟು ಹಳೆಯದಾದರೆ ಗಾಡಿ 'ವಿಂಟೇಜ್'? ಇಂಗ್ಲೆಂಡಿನ ಹವ್ಯಾಸಿಗಳು 1919ರಿಂದ 1930ರ ನಡುವಿನ ಕಾರುಗಳಿಗೆ ಮಾತ್ರ ಆ ಹೆಸರು ಕೊಡುತ್ತಾರೆ. ಲಂಡನ್ನಿನಿಂದ ಬ್ರೈಟನ್ನಿಗೆ ಪ್ರತಿವರ್ಷ ಓಡುವ ಪ್ರಸಿದ್ಧ ಓಟಕ್ಕೆ 1905ಕ್ಕಿಂತ ಹಿಂದಿನ ಕಾರೇ ಬೇಕು. ನಮ್ಮಲ್ಲಿ 2021ರ ಜುಲೈನಲ್ಲಿ ಕೇಂದ್ರ ಸರಕಾರ ನಿಯಮ ಮಾಡಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲ ಸ್ವರೂಪ ಹೆಚ್ಚು ಕೆಡದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಖಾಸಗಿ ವಾಹನಗಳು ವಿಂಟೇಜ್. ಅವಕ್ಕೆ 'ವಿಎ' ಅಕ್ಷರಗಳಿರುವ ಬೇರೆಯೇ ನಂಬರು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ ನಿಗದಿಯಾಯಿತು. ಪ್ರದರ್ಶನ, ರ್‍ಯಾಲಿ, ದುರಸ್ತಿಯಂಥ ಕೆಲಸಗಳಿಗೆ ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟಕ್ಕೋ ಬಾಡಿಗೆಗೋ ಬಳಸುವಂತಿಲ್ಲ.

ನಿಯಮ ಸರಿಯಾದದ್ದೇ. ಆದರೆ ಅದನ್ನು ಬರೆದವರ ಮನಸ್ಸಿನಲ್ಲಿದ್ದದ್ದು ಷೆಡ್ಡಿನಲ್ಲಿ ಹೊದಿಕೆ ಹೊದ್ದು ಮಲಗುವ ಸಿರಿವಂತರ ಕಾರು. 1968ರ ಜಾವಾ ಮೇಲೆ ಇಂದಿಗೂ ಹೊಲಕ್ಕೆ ಗೊಬ್ಬರ ಒಯ್ಯುವ ರೈತ ಆ ಚೌಕಟ್ಟಿನೊಳಗೆ ಬರುವುದಿಲ್ಲ. ಅವನ ಪಾಲಿಗೆ ಅದು ವಿಂಟೇಜ್ ಅಲ್ಲ, ಗಾಡಿ. ಹದಿನೈದು ವರ್ಷ ಮೀರಿದ ವಾಹನಗಳ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಿಂದ ಏರಿದೆ. ಹದಿನೈದು ವರ್ಷ ದಾಟಿದ ಸರಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದಾಗಿದೆ. ಗಾಳಿ ಕೆಡದಿರಲಿ ಎಂಬ ಉದ್ದೇಶ ಒಳ್ಳೆಯದೇ. ಜನರ ಶ್ವಾಸಕೋಶಕ್ಕಿಂತ ಹಳೆಯ ಎಂಜಿನ್ನು ದೊಡ್ಡದಲ್ಲ. ಆದರೆ ತಾಲ್ಲೂಕು ಕಚೇರಿಗಳ ಹಿಂದೆ ಬೇಲಿಯಲ್ಲಿ ಹೂತು ನಿಂತ ಹಳೆಯ ಜೀಪುಗಳೆಲ್ಲ ತೂಕದ ಲೆಕ್ಕದಲ್ಲಿ ಹೋಗುವಾಗ, ಪ್ರತಿ ಜಿಲ್ಲೆಗೆ ಒಂದನ್ನಾದರೂ ಉಳಿಸಿಕೊಳ್ಳಬೇಕೆಂದು ಹೇಳುವವರು ಬೇಕು.

ಕರ್ನಾಟಕದಲ್ಲಿ ವಾಹನ ಸಂಗ್ರಹಕ್ಕೆ ಕೊರತೆಯಿಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲೂ ಶ್ರೀರಂಗಪಟ್ಟಣದ ಬಳಿಯ 'ಪಯಣ'ದಲ್ಲೂ ಹಳೆಯ ಕಾರುಗಳ ಒಳ್ಳೆಯ ಸಾಲುಗಳಿವೆ. ಹುಬ್ಬಳ್ಳಿಯಲ್ಲಿ 2020ರಿಂದ ರೈಲ್ವೆ ವಸ್ತುಸಂಗ್ರಹಾಲಯವಿದೆ. ಆದರೆ ಬಯಲುಸೀಮೆಯ ದಿನನಿತ್ಯದ ವಾಹನಗಳಿಗೆ, ಅಂದರೆ ಕಟ್ಟಿಗೆ ಮೈಯ ಸರ್ವಿಸ್ ಮೋಟಾರು, ಬಿಡಿಒ ಸಾಹೇಬರ ಜೀಪು, ವಿಜಯಪುರದ ಟಾಂಗಾ, ಲಿಂಬೆಹಣ್ಣಿನ ಚೀಲ ಹೊತ್ತ ಮಾಟಡೋರ್, ರೈತನ ಯೆಜ್ಡಿ, ಇವುಗಳಿಗೆ ಎಲ್ಲಿಯೂ ತಕ್ಕ ಜಾಗ ಸಿಕ್ಕಿಲ್ಲ. ಅರಸರ ಕಾರು ಉಳಿಯುವುದು ಸಹಜ. ಅದನ್ನು ನೋಡಿಕೊಳ್ಳಲು ಆಳುಗಳಿದ್ದರು, ನಿಲ್ಲಿಸಲು ಜಾಗವಿತ್ತು. ದುಡಿದ ಗಾಡಿ ಸವೆಯುತ್ತದೆ, ಅದರ ಬಿಡಿಭಾಗ ಇನ್ನೊಂದು ಗಾಡಿಗೆ ಹೋಗುತ್ತದೆ, ಉಳಿದದ್ದು ಗುಜರಿಗೆ ಹೋಗುತ್ತದೆ. ಹೆಚ್ಚು ಜನ ಬಳಸಿದ ವಸ್ತುವೇ ಹೀಗೆ ಮೊದಲು ಕಾಣೆಯಾಗುತ್ತದೆ.

ಇದನ್ನು ತಡೆಯಲು ಕೋಟಿ ರೂಪಾಯಿ ಬೇಕಿಲ್ಲ. ಹಳೆಯ ಆರ್‌ಸಿ ಪುಸ್ತಕ, ಬಸ್ಸಿನ ಪರ್ಮಿಟ್ಟು, ಮುಂಬಯಿ ರಾಜ್ಯದ ಕಾಲದ ನಂಬರು ಫಲಕ, ಗಾಡಿಯ ಪಕ್ಕ ನಿಂತು ತೆಗೆಸಿಕೊಂಡ ಚಿತ್ರ ಇವೆಲ್ಲ ಮನೆಮನೆಯ ಟ್ರಂಕುಗಳಲ್ಲಿವೆ. ಶಾಲೆ-ಕಾಲೇಜುಗಳ ಮಕ್ಕಳು ತಮ್ಮ ಊರಿಗೆ ಮೊದಲ ಮೋಟಾರು ಯಾವಾಗ ಬಂತು, ಯಾವ ದಾರಿಯಿಂದ ಬಂತು, ಯಾರು ಓಡಿಸಿದರು ಎಂದು ಹಿರಿಯರನ್ನು ಕೇಳಿ ಬರೆದಿಟ್ಟರೂ ಒಂದು ತಾಲ್ಲೂಕಿನ ಚರಿತ್ರೆ ಸಿದ್ಧವಾದೀತು. ಜಾವಾದ ಪ್ಲಗ್ಗಿನ ಬಣ್ಣ ನೋಡಿ ಎಂಜಿನ್ನಿನ ಆರೋಗ್ಯ ಹೇಳಬಲ್ಲ ಮಿಸ್ತ್ರಿಗಳು ಇನ್ನೂ ಕೆಲವರಿದ್ದಾರೆ. ಅವರ ವಿದ್ಯೆ ಪುಸ್ತಕದಲ್ಲಿಲ್ಲ, ಕೈಯಲ್ಲಿದೆ. ಅವರಲ್ಲಿ ಬಹುತೇಕರಿಗೆ ಅರವತ್ತು ದಾಟಿದೆ. ಕೇಳಿ ಬರೆದುಕೊಳ್ಳುವ ಕೆಲಸವನ್ನು ಮುಂದಿನ ವರ್ಷಕ್ಕೆ ಎಂದು ಇಟ್ಟುಕೊಳ್ಳುವಷ್ಟು ಸಮಯ ಉಳಿದಿಲ್ಲ.